ಸಮದೃಷ್ಟಿ ಮತ್ತು ಕೆಂಪು ಪಟ್ಟಿ: ಎರಡು ಪಿಕಳಾರಗಳ ನೆಪದಲ್ಲಿ ಒಂದು ಧರ್ಮವಿಚಾರ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಡದ ಮೇಲಿರುವ ವಿದುರಾಶ್ವತ್ಥವು ನಾಡಿನ ಜನಕ್ಕೆ ಎರಡು ಕಾರಣಗಳಿಂದ ಪರಿಚಿತವಾದ ಕ್ಷೇತ್ರ. ಮಹಾಭಾರತದ ವಿದುರನು ಇಲ್ಲಿ ಅಶ್ವತ್ಥದ ಸಸಿಯೊಂದನ್ನು ನೆಟ್ಟನೆಂಬ ಸ್ಥಳಪುರಾಣ ಒಂದು ಕಾರಣವಾದರೆ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ದುರಂತ ಇನ್ನೊಂದು ಕಾರಣ. ವಿದುರನದೆಂದು ನಂಬಲಾದ ಹಳೆಯ ಮರ 2001ರಲ್ಲಿ ಉರುಳಿಬಿದ್ದರೂ ಕ್ಷೇತ್ರದ ಮೇಲಣ ಭಕ್ತಿ ಕುಂದಲಿಲ್ಲ. ಸಂತಾನಕ್ಕಾಗಿ ಹರಕೆ ಹೊತ್ತವರು ಹೆಣೆದುಕೊಂಡ ಹಾವುಗಳನ್ನು ಕೆತ್ತಿಸಿದ ನಾಗರಕಲ್ಲುಗಳನ್ನು ಪ್ರತಿಷ್ಠೆ ಮಾಡಿಸುತ್ತ ಬಂದಿದ್ದು, ಅಂತಹ ಕಲ್ಲುಗಳು ಅಲ್ಲಿ ಸಾಲುಸಾಲಾಗಿ ನಿಂತಿವೆ.

ಈ ಊರಿನ ಮಗ್ಗುಲಲ್ಲಿ ಹರಿಯುವ ಉತ್ತರ ಪಿನಾಕಿನಿಯು ನಂದಿ ಬೆಟ್ಟಗಳ ಸಾಲಿನ ಚೆನ್ನಕೇಶವ ಬೆಟ್ಟದಲ್ಲಿ ಹುಟ್ಟುತ್ತದೆ. ನದಿ ಹುಟ್ಟುವ ಆ ಬಂಡೆಗುಡ್ಡಗಳ ಕುರುಚಲು ಕಾಡಿನಲ್ಲಿ ಒಂದು ಪಿಕಳಾರವಿದೆ. ನದಿ ಹರಿದುಬರುವ ಬಯಲಿನ ಬೇಲಿ, ತೋಟ, ಗುಂಡುತೋಪುಗಳಲ್ಲಿ ಇನ್ನೊಂದು ಪಿಕಳಾರವಿದೆ. ಜೀವವಿಜ್ಞಾನದ ಪ್ರಕಾರ ಇವೆರಡೂ ಒಂದೇ ಕುಲಕ್ಕೆ ಸೇರಿದ ಹತ್ತಿರದ ಬಂಧುಗಳು. ಆದರೂ ಜಾಗತಿಕ ಸಂರಕ್ಷಣಾ ಪಟ್ಟಿಯು ಒಂದರ ವಿಷಯದಲ್ಲಿ ಎಚ್ಚರಿಕೆ ನೀಡಿ ಇನ್ನೊಂದರ ವಿಷಯದಲ್ಲಿ ಚಿಂತೆ ಬೇಡವೆನ್ನುತ್ತದೆ. ಸಕಲ ಜೀವಿಗಳನ್ನೂ ಸಮನಾಗಿ ಕಾಣಬೇಕೆಂದು ಬೋಧಿಸುವ ಧರ್ಮದೃಷ್ಟಿಗೂ, ಜೀವಿಗಳನ್ನು ದರ್ಜೆಗಳಾಗಿ ವಿಂಗಡಿಸಿ ಕೆಲವಕ್ಕೆ ವಿಶೇಷ ರಕ್ಷಣೆ ಬೇಡುವ ಈ ವಿಜ್ಞಾನದೃಷ್ಟಿಗೂ ಹೊಂದಿಕೆಯುಂಟೇ ಎಂಬುದು ಇಲ್ಲಿನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ; ಈ ಕ್ಷೇತ್ರಕ್ಕೆ ಹೆಸರು ಕೊಟ್ಟ ವಿದುರನ ಕಥೆ ಮತ್ತು ಮಾತುಗಳೇ ಅದಕ್ಕೆ ದಾರಿ ತೋರಿಸುತ್ತವೆ.

ಎರಡು ಹಕ್ಕಿಗಳ ಕುಲ

ಬಯಲಿನಲ್ಲಿರುವ ಕೆಂಪು ಕಿಬ್ಬೊಟ್ಟೆಯ ಪಿಕಳಾರವನ್ನು ಕಾಣದವರು ವಿರಳ. ಕಪ್ಪು ತಲೆ, ತಲೆಯ ಮೇಲೆ ಗಿಡ್ಡ ಜುಟ್ಟು, ಕಂದು ಮೈಯ ಮೇಲೆ ಮೀನಿನ ಹುರುಪೆಯಂತೆ ಕಾಣುವ ತಿಳಿ ಅಂಚಿನ ಗರಿಗಳು, ಹಾರುವಾಗ ಎದ್ದು ತೋರುವ ಬಿಳಿ ಸೊಂಟ, ಬಾಲದ ಬುಡದ ಕೆಳಗೆ ಒಂದು ಕಡುಗೆಂಪು ಮಚ್ಚೆ ಇವು ಅದರ ಗುರುತುಗಳು. ಬಂಡೆಗುಡ್ಡಗಳಲ್ಲಿರುವ ಹಳದಿ ಕೊರಳಿನ ಪಿಕಳಾರವು ಗಾತ್ರದಲ್ಲಿ ಅದಕ್ಕೆ ಸಮನಾಗಿ ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೂ ಅದಕ್ಕೆ ಜುಟ್ಟಿಲ್ಲ. ತಲೆ ಮತ್ತು ಕೊರಳು ಹಳದಿ, ಎದೆ ಮತ್ತು ಹೊಟ್ಟೆ ಬೂದು, ಬಾಲದ ಬುಡವೂ ಬಾಲದ ತುದಿಯ ಅಂಚೂ ಹಳದಿ. ಬಂಡೆಗಳ ನಡುವಿನ ಪೊದೆಗಳಲ್ಲಿ ಮರೆಯಾಗಿ ಓಡಾಡುವ ಈ ಹಕ್ಕಿಯನ್ನು ನಂದಿ ಬೆಟ್ಟದಲ್ಲಿ ನೋಡಲೆಂದೇ ಪಕ್ಷಿವೀಕ್ಷಕರು ದೂರದ ಊರುಗಳಿಂದ ಬರುತ್ತಾರೆ.

ಆಧುನಿಕ ವರ್ಗೀಕರಣದಲ್ಲಿ ಇವೆರಡರ ವಿಳಾಸ ಕೊನೆಯ ಮೆಟ್ಟಿಲಿನವರೆಗೂ ಒಂದೇ. ಎರಡೂ ಏವೀಸ್ ಎಂಬ ಪಕ್ಷಿವರ್ಗಕ್ಕೆ, ಕೊಂಬೆಯ ಮೇಲೆ ಕೂರಲು ಅನುಕೂಲವಾದ ಕಾಲ್ಬೆರಳುಗಳುಳ್ಳ ಹಕ್ಕಿಗಳ ಪ್ಯಾಸರಿಫಾರ್ಮಿಸ್ ಗಣಕ್ಕೆ, ಪಿಕಳಾರಗಳ ಪಿಕ್ನೋನೋಟಿಡೆ ಕುಟುಂಬಕ್ಕೆ, ಪಿಕ್ನೋನೋಟಸ್ ಎಂಬ ಕುಲಕ್ಕೆ ಸೇರುತ್ತವೆ. ಪ್ರಭೇದದ ಮೆಟ್ಟಿಲಿನಲ್ಲಿ ಮಾತ್ರ ಒಂದು ಕ್ಯಾಫರ್, ಇನ್ನೊಂದು ಕ್ಸಾಂತೊಲೀಮಸ್ ಎಂದು ಬೇರೆಯಾಗುತ್ತವೆ. ಪ್ರಭೇದವೆಂದರೆ ತಮ್ಮತಮ್ಮಲ್ಲಿ ಕೂಡಿ ಸಂತಾನ ಮುಂದುವರಿಸಬಲ್ಲ, ಒಂದೇ ವಂಶಧಾರೆಯಲ್ಲಿ ಬಂದ ಜೀವಿಗಳ ಸಮುದಾಯ. ಕೆಂಪು ಕಿಬ್ಬೊಟ್ಟೆಯ ಪಿಕಳಾರಕ್ಕೆ 1766ರಲ್ಲಿ ಲಿನೇಯಸ್ ಶಾಸ್ತ್ರೀಯ ನಾಮಕರಣ ಮಾಡಿದಾಗ ಅದನ್ನು ಟರ್ಡಸ್ ಎಂಬ ಬೇರೆಯೇ ಕುಲದಲ್ಲಿ ಸೇರಿಸಿದ್ದನು. ಹಳದಿ ಕೊರಳಿನ ಪಿಕಳಾರವನ್ನು ದಕ್ಷಿಣ ಭಾರತದ ಹಕ್ಕಿಗಳನ್ನು ಅಭ್ಯಸಿಸಿದ ಟಿ. ಸಿ. ಜೆರ್ಡನ್ 1845ರಲ್ಲಿ ವರ್ಣಿಸಿದನು. ವರ್ಗೀಕರಣವು ಒಮ್ಮೆ ಬರೆದು ಮುಗಿಸಿದ ಶಾಸನವಲ್ಲ, ತಿಳಿವಳಿಕೆ ಹೆಚ್ಚಿದಂತೆ ತಿದ್ದಿಕೊಳ್ಳುತ್ತ ಹೋಗುವ ವಿದ್ಯೆ ಎಂಬುದನ್ನು ಇಂತಹ ಸ್ಥಾನಪಲ್ಲಟಗಳು ತೋರಿಸುತ್ತವೆ.

ಪಟ್ಟಿಯ ಮಾತು

1948ರಲ್ಲಿ ಸ್ಥಾಪನೆಯಾದ, ಐಯುಸಿಎನ್ ಎಂದು ಹೆಸರಾದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 1964ರಿಂದ ಕೆಂಪು ಪಟ್ಟಿ ಎಂಬ ದಾಖಲೆಯನ್ನು ನಿರ್ವಹಿಸುತ್ತಿದೆ. ಒಂದು ಪ್ರಭೇದದ ಸಂಖ್ಯೆ, ಆ ಸಂಖ್ಯೆ ಕುಸಿಯುತ್ತಿರುವ ವೇಗ, ಅದು ಹರಡಿರುವ ಪ್ರದೇಶದ ವಿಸ್ತಾರ, ಆ ಪ್ರದೇಶ ಎಷ್ಟು ತುಂಡುತುಂಡಾಗಿದೆ ಎಂಬುದು, ಇವುಗಳನ್ನು ಅಳೆದು ಪ್ರತಿ ಪ್ರಭೇದವನ್ನೂ ಒಂದು ದರ್ಜೆಯಲ್ಲಿ ಇರಿಸುವುದು ಅದರ ಕ್ರಮ. ಸದ್ಯಕ್ಕೆ ಭಯವಿಲ್ಲದವು ಕನಿಷ್ಠ ಕಾಳಜಿಯ ದರ್ಜೆಯಲ್ಲಿರುತ್ತವೆ. ಅಪಾಯಕ್ಕೆ ಈಡಾಗಬಲ್ಲವು, ಅಳಿವಿನಂಚಿನವು, ತೀವ್ರ ಅಳಿವಿನಂಚಿನವು ಎಂದು ಅಪಾಯದ ಮೆಟ್ಟಿಲುಗಳು ಏರುತ್ತ ಹೋಗಿ ಕಡೆಗೆ ಅಳಿದುಹೋದವು ಎಂಬಲ್ಲಿ ನಿಲ್ಲುತ್ತವೆ.

ಈ ಪಟ್ಟಿಯಲ್ಲಿ ಹಳದಿ ಕೊರಳಿನ ಪಿಕಳಾರವು ಅಪಾಯಕ್ಕೆ ಈಡಾಗಬಲ್ಲ ದರ್ಜೆಯಲ್ಲಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದಿಲ್ಲ. ನಂದಿ, ಕೋಲಾರದ ಅಂತರಗಂಗೆ, ಆಂಧ್ರದ ಹಾರ್ಸ್ಲಿ ಬೆಟ್ಟ ಮುಂತಾದ ಚದುರಿದ ನೆಲೆಗಳಲ್ಲಿ ಅದು ಬದುಕಿದ್ದು, ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ನಡುವೆ ಹೊಲ, ಊರು, ರಸ್ತೆಗಳ ಬಯಲು ಹಬ್ಬಿದೆ. ಕಲ್ಲು ಗಣಿಗಾರಿಕೆ, ಸೌದೆಗಾಗಿ ಕುರುಚಲು ಕಡಿಯುವುದು, ಬೇಸಿಗೆಯಲ್ಲಿ ಇಳಿಜಾರುಗಳಿಗೆ ಬೀಳುವ ಬೆಂಕಿ, ಪ್ರವಾಸಿಗರಿಗಾಗಿ ಏಳುವ ಕಟ್ಟಡಗಳು ಅದರ ನೆಲೆಯನ್ನು ಕಿರಿದಾಗಿಸುತ್ತಿವೆ. ಕೆಂಪು ಕಿಬ್ಬೊಟ್ಟೆಯ ಪಿಕಳಾರವಾದರೋ ಕನಿಷ್ಠ ಕಾಳಜಿಯ ದರ್ಜೆಯಲ್ಲಿದೆ. ಮನುಷ್ಯನು ಕಾಡನ್ನು ತೋಟವಾಗಿ, ತೋಟವನ್ನು ಊರಾಗಿ ಮಾರ್ಪಡಿಸಿದಲ್ಲೆಲ್ಲ ಅದು ಒಗ್ಗಿಕೊಂಡಿದೆ. 1903ರ ಸುಮಾರಿಗೆ ಭಾರತದ ಕೂಲಿಕಾರರೊಂದಿಗೆ ಫಿಜಿ ದ್ವೀಪಗಳನ್ನು ಸೇರಿದ ಅದು ಪೆಸಿಫಿಕ್ ಸಾಗರದ ಇನ್ನೂ ಹಲವು ದ್ವೀಪಗಳಲ್ಲಿ ನೆಲೆಯೂರಿ, ಅಲ್ಲಿನ ಬೆಳೆಗಳಿಗೂ ಸ್ಥಳೀಯ ಹಕ್ಕಿಗಳಿಗೂ ಕಂಟಕವಾಗಿ, ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಹೆಸರು ಪಡೆದಿದೆ. ಹೀಗೆ ಒಂದೇ ಕುಲದ ಎರಡು ಹಕ್ಕಿಗಳಲ್ಲಿ ಒಂದನ್ನು ತನ್ನ ನೆಲದಲ್ಲಿ ಉಳಿಸುವುದು ಹೇಗೆಂಬ ಚಿಂತೆಯಾದರೆ, ಇನ್ನೊಂದನ್ನು ಪರನೆಲದಲ್ಲಿ ತಡೆಯುವುದು ಹೇಗೆಂಬ ಚಿಂತೆ.

ಜಾತಿ ನಿತ್ಯವೇ?

ಭಾರತೀಯ ಚಿಂತನೆಗೆ ಜೀವಿಗಳ ವರ್ಗೀಕರಣ ಹೊಸದಲ್ಲ. ಐತರೇಯ ಉಪನಿಷತ್ತು ಜೀವಿಗಳನ್ನು ಅವು ಹುಟ್ಟುವ ಬಗೆಯಿಂದ ನಾಲ್ಕಾಗಿ ವಿಂಗಡಿಸುತ್ತದೆ: ಮೊಟ್ಟೆಯಿಂದ ಹುಟ್ಟುವ ಅಂಡಜ, ಗರ್ಭದಿಂದ ಹುಟ್ಟುವ ಜರಾಯುಜ, ಬೆವರು ತೇವಗಳಿಂದ ಹುಟ್ಟುವುದೆಂದು ತಿಳಿದಿದ್ದ ಸ್ವೇದಜ, ನೆಲವನ್ನು ಸೀಳಿಕೊಂಡು ಬರುವ ಉದ್ಭಿಜ್ಜ. ಈ ವಿಂಗಡಣೆಯಲ್ಲಿ ಹಕ್ಕಿಯೂ ಹಾವೂ ಒಂದೇ ಅಂಡಜವರ್ಗಕ್ಕೆ ಸೇರುತ್ತವೆ. ಗರುಡನ ತಾಯಿ ವಿನತೆಯೂ ನಾಗರ ತಾಯಿ ಕದ್ರುವೂ ಅಕ್ಕತಂಗಿಯರಾಗಿ ಮೊಟ್ಟೆಯಿಟ್ಟರೆಂದು ಮಹಾಭಾರತದ ಆದಿಪರ್ವ ಹೇಳುತ್ತದೆ. ಹಕ್ಕಿಗಳು ಸರೀಸೃಪಗಳ ವಂಶಧಾರೆಯಿಂದಲೇ ಕವಲೊಡೆದವೆಂದು ಇಂದಿನ ವಿಜ್ಞಾನವೂ ನಿರ್ಣಯಿಸಿದೆ. ಜೈನ ದರ್ಶನದ ವಿಂಗಡಣೆ ಇನ್ನೊಂದು ಬಗೆಯದು. ಅದು ಜೀವಿಗಳನ್ನು ಅವುಗಳಿಗಿರುವ ಇಂದ್ರಿಯಗಳ ಎಣಿಕೆಯಿಂದ ಅಳೆಯುತ್ತದೆ; ಹಕ್ಕಿಗಳು ಐದು ಇಂದ್ರಿಯಗಳುಳ್ಳ, ಆಕಾಶದಲ್ಲಿ ಚರಿಸುವ ತಿರ್ಯಂಚ ಜೀವಿಗಳು. ಈ ಅಳತೆಯ ಉದ್ದೇಶ ಜೀವಿಗೆ ನೋವನ್ನು ಅನುಭವಿಸುವ ಶಕ್ತಿ ಎಷ್ಟೆಂದು ತಿಳಿದು ಹಿಂಸೆಯಿಂದ ದೂರವಿರುವುದು.

ಈ ಎರಡೂ ವಿಂಗಡಣೆಗಳಲ್ಲಿ ಎರಡು ಪಿಕಳಾರಗಳಿಗೆ ಭೇದವಿಲ್ಲ. ಎರಡೂ ಅಂಡಜ, ಎರಡೂ ಪಂಚೇಂದ್ರಿಯ. ಬಲೆಗೆ ಬಿದ್ದ ಕೆಂಪು ಕಿಬ್ಬೊಟ್ಟೆಯ ಪಿಕಳಾರದ ಸಂಕಟವು ಅದರ ಬಂಧುಬಳಗ ಹೇರಳವಾಗಿದೆಯೆಂಬ ಕಾರಣಕ್ಕೆ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಇದನ್ನು ವಿದುರಾಶ್ವತ್ಥದ ಜನಕ್ಕೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. 1938ರಲ್ಲಿ ಅಲ್ಲಿ ಪ್ರಾಣ ತೆತ್ತ ಒಬ್ಬೊಬ್ಬರ ಮರಣವನ್ನೂ ಅವರವರ ಮನೆಯವರು ಅತ್ತದ್ದು ದೇಶದಲ್ಲಿ ಉಳಿದ ಕೋಟಿ ಜನರ ಲೆಕ್ಕವನ್ನಿಟ್ಟುಕೊಂಡಲ್ಲ. ಪ್ರಾಣದ ಬೆಲೆ ವಿರಳತೆಯಿಂದ ಬರುವುದಿಲ್ಲವೆಂಬುದೇ ಅಹಿಂಸಾಧರ್ಮದ ತಳಹದಿ.

ಹಾಗಾದರೆ ಪ್ರಭೇದವೊಂದು ಅಳಿದಾಗ ಬಿಡಿ ಹಕ್ಕಿಗಳ ಸಾವಿಗಿಂತ ಹೆಚ್ಚಿನದೇನಾದರೂ ನಷ್ಟವಾಗುತ್ತದೆಯೇ? ನ್ಯಾಯ ವೈಶೇಷಿಕ ದರ್ಶನಗಳು ಈ ಪ್ರಶ್ನೆಯ ಹತ್ತಿರಕ್ಕೆ ಬಂದಿವೆ. ಹಲವು ಹಸುಗಳಲ್ಲಿ ಸಮಾನವಾಗಿರುವ ಹಸುತನಕ್ಕೆ ಅವು ಸಾಮಾನ್ಯ ಅಥವಾ ಜಾತಿ ಎಂದು ಹೆಸರಿಟ್ಟು, ಅದು ಒಂದೇ ಆಗಿದ್ದು ಹಲವರಲ್ಲಿ ನೆಲಸಿರುವ ನಿತ್ಯಪದಾರ್ಥವೆಂದು ಪ್ರತಿಪಾದಿಸಿದವು. ಈ ಮತದ ಪ್ರಕಾರ ಬಿಡಿ ಹಸು ಸಾಯಬಹುದು, ಹಸುತನ ಸಾಯದು. ಧರ್ಮಕೀರ್ತಿಯಂತಹ ಬೌದ್ಧ ತಾರ್ಕಿಕರು ಇದನ್ನು ಒಪ್ಪಲಿಲ್ಲ; ನಿಜವಾಗಿ ಇರುವುದು ಬಿಡಿ ವಸ್ತುಗಳು ಮಾತ್ರ, ಜಾತಿಯೆಂಬುದು ಬುದ್ಧಿಯ ಕಲ್ಪನೆ ಎಂದು ಅವರು ವಾದಿಸಿದರು. ಜೀವವಿಜ್ಞಾನದ ಪ್ರಭೇದವು ಇವೆರಡರ ನಡುವೆ ನಿಲ್ಲುತ್ತದೆ. ಅದು ಬರಿಯ ಕಲ್ಪನೆಯಲ್ಲ, ಏಕೆಂದರೆ ತಾಯಿಯಿಂದ ಮರಿಗೆ ಇಳಿದುಬಂದ ನಿಜವಾದ ವಂಶಧಾರೆ ಅದಕ್ಕಿದೆ. ಅದು ನಿತ್ಯವೂ ಅಲ್ಲ, ಏಕೆಂದರೆ ಕಾಲದಲ್ಲಿ ಹುಟ್ಟಿದ ಅದು ಕಾಲದಲ್ಲಿಯೇ ಮುಗಿಯಬಹುದು. ವೈಶೇಷಿಕರು ಅಭಾವವನ್ನು ವಿಂಗಡಿಸುವಾಗ ಪ್ರಧ್ವಂಸಾಭಾವ ಎಂಬ ಒಂದು ಬಗೆಯನ್ನು ಹೇಳುತ್ತಾರೆ. ವಸ್ತು ನಾಶವಾದ ಕ್ಷಣದಲ್ಲಿ ತೊಡಗುವ ಈ ಇಲ್ಲದಿರುವಿಕೆಗೆ ಮೊದಲುಂಟು, ಕೊನೆಯಿಲ್ಲ. ಪ್ರಭೇದದ ಅಳಿವಿಗೆ ಇದಕ್ಕಿಂತ ನಿಖರವಾದ ಲಕ್ಷಣವನ್ನು ಹೇಳುವುದು ಕಷ್ಟ.

ಪುನರ್ಜನ್ಮವನ್ನು ನಂಬುವವರಿಗೆ ಇದೇ ವಿಚಾರ ಇನ್ನೊಂದು ಭಾಷೆಯಲ್ಲಿ ಪರಿಚಿತವಾಗಿದೆ. ಜೀವವು ಎಂಬತ್ನಾಲ್ಕು ಲಕ್ಷ ಯೋನಿಗಳಲ್ಲಿ ಸಂಚರಿಸುತ್ತದೆಂಬ ಪುರಾಣಗಳ ಮಾತು ಜನಜೀವನದಲ್ಲಿ ಹಾಸುಹೊಕ್ಕಾಗಿದೆ. ಒಂದು ಹಕ್ಕಿ ಸತ್ತಾಗ ಜೀವವು ಒಡಲನ್ನು ಬಿಟ್ಟು ಮುಂದೆ ಸಾಗುತ್ತದೆ. ಒಂದು ಪ್ರಭೇದ ಅಳಿದಾಗ ಆ ಯೋನಿಯ ಬಾಗಿಲೇ ಮುಚ್ಚುತ್ತದೆ. ಸೃಷ್ಟಿಯಲ್ಲಿ ಜೀವಕ್ಕೆ ತೆರೆದಿದ್ದ ಒಂದು ಅನುಭವದ ದಾರಿಯನ್ನು, ಮನುಷ್ಯನು ತಾನು ಕಟ್ಟದ ಬಾಗಿಲನ್ನು, ತಾನೇ ಮುಚ್ಚಿದಂತಾಗುತ್ತದೆ. ಹೀಗೆ ನೋಡಿದರೆ ಪ್ರಭೇದದ ಅಳಿವು ಹಲವು ಹಕ್ಕಿಗಳ ಸಾವಿನ ಮೊತ್ತವಷ್ಟೇ ಅಲ್ಲ, ಬೇರೆಯೇ ಜಾತಿಯ ಅಪರಾಧ.

ಒಂದು ಮರ, ಎರಡು ಹಕ್ಕಿ

ಎರಡು ಹಕ್ಕಿಗಳ ವಿಚಾರ ಅಶ್ವತ್ಥದ ಸನ್ನಿಧಿಯಲ್ಲಿ ಬಂದಾಗ ಮುಂಡಕೋಪನಿಷತ್ತಿನ ಪ್ರಸಿದ್ಧ ರೂಪಕ ನೆನಪಾಗದಿರದು. ಋಗ್ವೇದದಲ್ಲಿಯೂ ಇರುವ ಆ ಮಂತ್ರದಲ್ಲಿ ಒಂದೇ ಮರವನ್ನು ಅಪ್ಪಿ ಕುಳಿತ ಎರಡು ಸಖ್ಯದ ಹಕ್ಕಿಗಳ ಪೈಕಿ ಒಂದು ಪಿಪ್ಪಲದ, ಎಂದರೆ ಅಶ್ವತ್ಥದ, ಹಣ್ಣನ್ನು ಸವಿಯುತ್ತದೆ. ಇನ್ನೊಂದು ಉಣ್ಣದೆ ನೋಡುತ್ತಿರುತ್ತದೆ. ಶಂಕರರ ಭಾಷ್ಯದಲ್ಲಿ ಆ ಮರ ಶರೀರ. ಉಣ್ಣುವ ಹಕ್ಕಿ ಉಪಾಧಿಗಳಲ್ಲಿ ಸಿಕ್ಕಿದ ಜೀವ, ನೋಡುವ ಹಕ್ಕಿ ಈಶ್ವರ. ಇಬ್ಬರ ಭೇದ ಉಪಾಧಿ ಇರುವವರೆಗಿನದು. ಉಡುಪಿಯ ಮಧ್ವಾಚಾರ್ಯರ ಪರಂಪರೆಗೆ ಇದೇ ಮಂತ್ರ ಜೀವ ಮತ್ತು ಈಶ್ವರರ ಸತ್ಯಭೇದಕ್ಕೆ ಪ್ರಮಾಣ. ಅಷ್ಟೇ ಅಲ್ಲದೆ ಜೀವಜೀವಗಳ ನಡುವಿನ ಭೇದವೂ ಅವರಿಗೆ ಸತ್ಯವೇ, ಆದ್ದರಿಂದ ಒಂದು ಜೀವದ ಸ್ಥಾನವನ್ನು ಇನ್ನೊಂದು ಜೀವ ತುಂಬಲಾರದು.

ಈ ಎರಡು ದರ್ಶನಗಳು ಎಷ್ಟೇ ಎದುರುಬದುರಾಗಿದ್ದರೂ ಇಲ್ಲಿನ ಪ್ರಶ್ನೆಗೆ ಸಂಬಂಧಿಸಿದಂತೆ ಒಂದು ಮಾತನ್ನು ಒಪ್ಪುತ್ತವೆ. ಅದ್ವೈತಿಗೆ ಎಲ್ಲ ಒಡಲುಗಳಲ್ಲಿ ಇರುವುದು ಒಂದೇ ಚೈತನ್ಯವಾದ್ದರಿಂದ ಯಾವ ಹಕ್ಕಿಯೂ ಹೀನವಲ್ಲ. ದ್ವೈತಿಗೆ ಪ್ರತಿ ಒಡಲಿನಲ್ಲಿಯೂ ಬೇರೆಯೇ ಜೀವವಿದ್ದು ಅದರ ಜೊತೆಗೆ ಅಂತರ್ಯಾಮಿಯಾದ ಈಶ್ವರನಿರುವುದರಿಂದ ಯಾವ ಹಕ್ಕಿಯೂ ಹೀನವಲ್ಲ. ಭಗವದ್ಗೀತೆಯ ಐದನೆಯ ಅಧ್ಯಾಯವು ವಿದ್ಯಾವಂತನಲ್ಲಿಯೂ ಹಸು, ಆನೆ, ನಾಯಿಗಳಲ್ಲಿಯೂ ಜ್ಞಾನಿಯು ಸಮವಾದುದನ್ನೇ ಕಾಣುತ್ತಾನೆಂದು ಹೇಳುತ್ತದೆ. ಹತ್ತನೆಯ ಅಧ್ಯಾಯದಲ್ಲಿ ಕೃಷ್ಣನು ತಾನು ಮರಗಳಲ್ಲಿ ಅಶ್ವತ್ಥ, ಹಕ್ಕಿಗಳಲ್ಲಿ ಗರುಡ ಎಂದು ಕೆಲವನ್ನು ಎತ್ತಿ ಹೇಳುವುದು ನಿಜವಾದರೂ, ಅದೇ ಅಧ್ಯಾಯದ ಕೊನೆಯಲ್ಲಿ ಇಡೀ ಜಗತ್ತನ್ನು ತನ್ನ ಒಂದಂಶದಿಂದ ಹೊತ್ತು ನಿಂತಿರುವೆನೆಂದು ಹೇಳಿ ಆ ಪಟ್ಟಿಯ ಮಿತಿಯನ್ನು ತಾನೇ ತಿಳಿಸುತ್ತಾನೆ. ಗೀತೆಯ ಪಟ್ಟಿ ಮಹಿಮೆ ಎದ್ದು ಕಾಣುವ ಎಡೆಗಳನ್ನು ಹೇಳುತ್ತದೆ. ಐಯುಸಿಎನ್ ಪಟ್ಟಿ ಅಪಾಯ ಎದ್ದು ಕಾಣುವ ಎಡೆಗಳನ್ನು ಹೇಳುತ್ತದೆ. ಎರಡರಲ್ಲಿ ಯಾವುದೂ ಉಳಿದ ಜೀವಿಗಳು ಅಲ್ಪವೆಂದು ಹೇಳುವುದಿಲ್ಲ.

ಒಬ್ಬನನ್ನು ಬಿಟ್ಟುಕೊಡುವ ನೀತಿ

ಆದರೂ ಆಚರಣೆಯಲ್ಲಿ ತೊಡಕು ಉಳಿಯುತ್ತದೆ. ಟಹೀಟಿ ದ್ವೀಪದಲ್ಲಿ ಅಳಿವಿನ ಕೊನೆಯ ಅಂಚಿಗೆ ಬಂದಿರುವ ಟಹೀಟಿ ಮೊನಾರ್ಕ್ ಎಂಬ ಪುಟ್ಟ ಹಕ್ಕಿಯನ್ನು ಉಳಿಸುವುದಕ್ಕಾಗಿ, ಹೊರಗಿನಿಂದ ಬಂದು ಸೇರಿದ ಮೈನಾ ಮತ್ತು ಕೆಂಪು ಕಿಬ್ಬೊಟ್ಟೆಯ ಪಿಕಳಾರಗಳನ್ನು ಹಿಡಿದು ಕೊಲ್ಲುವ ಕ್ರಮವನ್ನು ಅನುಸರಿಸಲಾಗಿದೆ. ಪ್ರಭೇದವನ್ನು ಉಳಿಸಲು ಬಿಡಿ ಜೀವವನ್ನು ಬಲಿಗೊಡುವ ಈ ಕ್ರಮಕ್ಕೆ ವಿದುರನ ಮಾತಿನಲ್ಲಿಯೇ ಆಧಾರ ಸಿಕ್ಕಂತೆ ಮೇಲ್ನೋಟಕ್ಕೆ ತೋರುತ್ತದೆ. ಸಭಾಪರ್ವದಲ್ಲಿ ದ್ಯೂತವನ್ನು ತಡೆಯಲೆತ್ನಿಸುತ್ತ ವಿದುರನು ಧೃತರಾಷ್ಟ್ರನಿಗೆ, ಕುಲದ ಉಳಿವಿಗಾಗಿ ಒಬ್ಬನನ್ನು, ಊರಿಗಾಗಿ ಕುಲವನ್ನು, ನಾಡಿಗಾಗಿ ಊರನ್ನು, ಆತ್ಮಕ್ಕಾಗಿ ಭೂಮಿಯನ್ನೇ ಬಿಡಬೇಕೆಂಬ ಪ್ರಾಚೀನ ನೀತಿಯನ್ನು ನೆನಪಿಸುತ್ತಾನೆ.

ಆದರೆ ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂಬುದನ್ನು ಗಮನಿಸಿದಾಗ ಅದರ ತಿರುಳು ಬೇರೆಯಾಗಿ ಕಾಣುತ್ತದೆ. ವಿದುರನು ಬಿಡಲು ಹೇಳಿದ್ದು ಯಾರೋ ದುರ್ಬಲನನ್ನಲ್ಲ. ಸಿಂಹಾಸನದ ಮೇಲೆ ಕುಳಿತ ತಂದೆಗೆ ಅವನ ಸ್ವಂತ ಮಗನಾದ ದುರ್ಯೋಧನನನ್ನು ಬಿಡು ಎಂದು ಅವನು ಹೇಳಿದನು. ಎಂದರೆ ಇದು ಬಲವಂತನು ತನಗೆ ಅತಿ ಪ್ರಿಯವಾದುದನ್ನು ತಾನೇ ತ್ಯಜಿಸಬೇಕೆಂಬ ನೀತಿಯೇ ಹೊರತು, ದನಿಯಿಲ್ಲದವನನ್ನು ಬಲಿಗೊಟ್ಟು ತಾನು ಸುಖವಾಗಿರುವ ನೀತಿಯಲ್ಲ. ಅಲ್ಲದೆ ದುರ್ಯೋಧನನು ತನ್ನ ಕೃತ್ಯಗಳಿಗೆ ತಾನೇ ಹೊಣೆಯಾಗಿದ್ದನು. ಟಹೀಟಿಯ ಪಿಕಳಾರವಾದರೋ ತಾನಾಗಿ ಸಾಗರ ದಾಟಿ ಹೋದುದಲ್ಲ, ಮನುಷ್ಯನು ಒಯ್ದು ಬಿಟ್ಟದ್ದು. ಅಲ್ಲಿ ಅದನ್ನು ಕೊಲ್ಲದೆ ಬೇರೆ ದಾರಿಯೇ ಇಲ್ಲವಾದಾಗ ಅದು ಮನುಷ್ಯನ ತಪ್ಪಿಗೆ ಹಕ್ಕಿಯು ತೆರುವ ದಂಡ. ಅದನ್ನು ದುಃಖದಿಂದ ಮಾಡಬಹುದೇ ಹೊರತು ಧರ್ಮವೆಂಬ ಹೆಮ್ಮೆಯಿಂದ ಮಾಡಲಾಗದು. ನಂದಿ ಬೆಟ್ಟದಲ್ಲಿಯಂತೂ ಇಂತಹ ಸಂಕಟವೇ ಇಲ್ಲ. ಇಲ್ಲಿ ಹಳದಿ ಕೊರಳಿನ ಪಿಕಳಾರ ಉಳಿಯಬೇಕಾದರೆ ಕೆಂಪು ಕಿಬ್ಬೊಟ್ಟೆಯದು ಸಾಯಬೇಕಾಗಿಲ್ಲ. ಮನುಷ್ಯನು ತನ್ನ ಲಾಭದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟರೆ ಸಾಕು. ವಿದುರನ ನೀತಿಯು ನೇರವಾಗಿ ಅನ್ವಯಿಸುವುದು ಇಲ್ಲಿಯೇ.

ಮಾಂಡವ್ಯನ ಶಾಪ

ವಿದುರನ ಹುಟ್ಟಿನ ಕಥೆಯೇ ಒಂದು ಅಲ್ಪಜೀವಿಯ ನೋವಿನಿಂದ ತೊಡಗುತ್ತದೆಂಬುದು ಈ ಚರ್ಚೆಯಲ್ಲಿ ಬಹು ಮುಖ್ಯವಾದ ಸಂಗತಿ. ಆದಿಪರ್ವದ ಪ್ರಕಾರ ಮಾಂಡವ್ಯನೆಂಬ ತಪಸ್ವಿಯನ್ನು ಮಾಡದ ಕಳ್ಳತನಕ್ಕಾಗಿ ಶೂಲಕ್ಕೇರಿಸಲಾಗುತ್ತದೆ. ತಾನು ಯಾವ ಪಾಪಕ್ಕೆ ಈ ಫಲವನ್ನು ಉಣ್ಣಬೇಕಾಯಿತೆಂದು ಅವನು ಧರ್ಮದೇವತೆಯನ್ನು ಕೇಳಿದಾಗ, ಬಾಲ್ಯದಲ್ಲಿ ನೀನು ಹಾರುವ ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿಯನ್ನು ಚುಚ್ಚಿದ್ದೆ, ಅದರ ಫಲವಿದು ಎಂಬ ಉತ್ತರ ಬರುತ್ತದೆ. ಅರಿಯದ ವಯಸ್ಸಿನ ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಕೆರಳಿದ ಮಾಂಡವ್ಯನು, ನೀನು ಮನುಷ್ಯನಾಗಿ ಶೂದ್ರಯೋನಿಯಲ್ಲಿ ಹುಟ್ಟು ಎಂದು ಧರ್ಮನನ್ನು ಶಪಿಸಿ, ಹದಿನಾಲ್ಕು ವರ್ಷ ತುಂಬುವವರೆಗೆ ಮಾಡಿದುದು ಪಾಪವಲ್ಲವೆಂಬ ಕಟ್ಟಳೆಯನ್ನು ವಿಧಿಸುತ್ತಾನೆ. ಹಾಗೆ ಹುಟ್ಟಿದ ಧರ್ಮನೇ ವಿದುರ.

ಈ ಕಥೆಯಲ್ಲಿ ಧರ್ಮದೇವತೆಯ ಮಾತೂ ಋಷಿಯ ಮಾತೂ ಎರಡೂ ನಿಲ್ಲುತ್ತವೆ. ಹುಳುವಿನ ನೋವು ಸಣ್ಣದೆಂದು ಮಾಂಡವ್ಯನಾಗಲಿ, ಕಥೆಯಾಗಲಿ ತಳ್ಳಿಹಾಕುವುದಿಲ್ಲ. ಜೀವಿಯ ಗಾತ್ರದಿಂದ ಹಿಂಸೆ ಅಳಿಸಿಹೋಗದೆಂಬ ಧರ್ಮದ ನಿಲುವು ಹಾಗೆಯೇ ಉಳಿಯುತ್ತದೆ. ಋಷಿಯು ತಿದ್ದುವುದು ಹೊಣೆಯ ಅಳತೆಯನ್ನು ಮಾತ್ರ: ಮಾಡಿದವನಿಗೆ ಎಷ್ಟು ತಿಳಿದಿತ್ತೋ ಅಷ್ಟಕ್ಕೆ ತಕ್ಕಂತೆ ದೋಷವನ್ನು ಅಳೆಯಬೇಕು. ಜೀವದ ಬೆಲೆ ಎಲ್ಲ ಕಡೆಯೂ ಸಮ, ಹೊಣೆ ಮಾತ್ರ ತಿಳಿವಳಿಕೆಯೊಂದಿಗೆ ಏರುತ್ತದೆ ಎಂಬುದು ವಿದುರನ ಜನ್ಮವೃತ್ತಾಂತದ ಸಾರ. ಸಮದೃಷ್ಟಿಗೂ ಕೆಂಪು ಪಟ್ಟಿಗೂ ಇರುವಂತೆ ತೋರುವ ವಿರೋಧವನ್ನು ಈ ಸಾರವೇ ಪರಿಹರಿಸುತ್ತದೆ. ಕೆಂಪು ಪಟ್ಟಿ ಹಕ್ಕಿಗಳ ಬೆಲೆಯ ಪಟ್ಟಿಯಲ್ಲ, ಮನುಷ್ಯರ ಹೊಣೆಯ ಪಟ್ಟಿ. ಅದರಲ್ಲಿ ಹಳದಿ ಕೊರಳಿನ ಪಿಕಳಾರ ಮೇಲಿನ ಮೆಟ್ಟಿಲಿನಲ್ಲಿರುವುದು ಅದು ಹೆಚ್ಚಿನ ಜೀವವೆಂದಲ್ಲ, ಅದರ ವಿಷಯದಲ್ಲಿ ಮನುಷ್ಯನು ತೀರಿಸಬೇಕಾದ ಸಾಲ ಹೆಚ್ಚಿದೆಯೆಂದು.

ತಿಳಿವಳಿಕೆಗೂ ಹೊಣೆಗೂ ಇರುವ ಈ ನಂಟಿಗೆ ಇತ್ತೀಚಿನ ಇತಿಹಾಸದಲ್ಲಿ ನೋವಿನ ನಿದರ್ಶನವಿದೆ. ರಾಮಾಯಣದ ಜಟಾಯುವಿನ ಕಾರಣದಿಂದ ರಣಹದ್ದು ಪೂಜ್ಯವಾದ ಹಕ್ಕಿಯೇ. ಆದರೂ 1990ರ ದಶಕದಲ್ಲಿ ಭಾರತದ ರಣಹದ್ದುಗಳು ಲಕ್ಷಗಟ್ಟಲೆಯಾಗಿ ಸತ್ತುಹೋದಾಗ ಆ ಪೂಜ್ಯಭಾವ ಅವುಗಳನ್ನು ಕಾಪಾಡಲಿಲ್ಲ, ಏಕೆಂದರೆ ಸಾವಿನ ಕಾರಣ ಯಾರಿಗೂ ತಿಳಿದಿರಲಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆಂಬ ಸಂಶೋಧನೆ 2004ರಲ್ಲಿ ಪ್ರಕಟವಾದ ಮೇಲೆ, 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು. ತಿಳಿಯದೆ ಔಷಧ ಕೊಟ್ಟ ರೈತನಿಗೆ ಮಾಂಡವ್ಯನ ಕಟ್ಟಳೆಯ ರಕ್ಷಣೆಯುಂಟು. ತಿಳಿದ ಮೇಲೂ ಕೊಡುವವನಿಗೆ ಅದಿಲ್ಲ. ಭಕ್ತಿಗೆ ತಿಳಿವಳಿಕೆಯ ಕಣ್ಣು ಕೂಡಿದಾಗಲಷ್ಟೇ ಅದು ರಕ್ಷಣೆಯಾಗುತ್ತದೆ.

ಹೂಗಾರ ಮತ್ತು ಇದ್ದಿಲು ಸುಡುವವ

ಹಳದಿ ಕೊರಳಿನ ಪಿಕಳಾರದ ವಿಷಯದಲ್ಲಿಯೂ ಈಗ ಅರಿಯದ ವಯಸ್ಸು ಕಳೆದಿದೆ. ಅದು ಎಲ್ಲಿದೆ, ಏಕೆ ಕುಗ್ಗುತ್ತಿದೆ ಎಂಬುದು ದಾಖಲಾಗಿದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕಲ್ಲುಕ್ವಾರಿಗಳು ಮತ್ತು ಜಲ್ಲಿ ಕ್ರಷರ್‌ಗಳು ಬಹಳ ಜನರ ಅನ್ನದ ದಾರಿಯೂ ಹೌದು, ಬೆಟ್ಟಗಳ ಅಳಿವಿನ ದಾರಿಯೂ ಹೌದು. ಅವು ಮನುಷ್ಯರ ಪ್ರಾಣವನ್ನೂ ಬಿಟ್ಟಿಲ್ಲವೆಂಬುದು 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಮಂದಿ ಸತ್ತಾಗ ತಿಳಿಯಿತು. ಬೆಟ್ಟದ ಹಕ್ಕಿಯ ಕ್ಷೇಮವನ್ನು ಬೆಟ್ಟದ ಕೂಲಿಯವನ ಕ್ಷೇಮಕ್ಕೆ ಎದುರಾಗಿ ನಿಲ್ಲಿಸುವವರು ಈ ಸಂಗತಿಯನ್ನು ಮರೆಯಬಾರದು. ಇಬ್ಬರನ್ನೂ ಅಪಾಯಕ್ಕೆ ನೂಕುವುದು ಅಳತೆ ಮೀರಿದ ಅದೇ ಆಸೆ.

ಕಲ್ಲು ತೆಗೆಯುವುದೇ ಪಾಪವೆಂದು ಇಲ್ಲಿ ಹೇಳುತ್ತಿಲ್ಲ. ವಿದುರಾಶ್ವತ್ಥದ ನಾಗರಕಲ್ಲೂ, ನಂದಿಯ ತಪ್ಪಲಿನ ಭೋಗನಂದೀಶ್ವರ ದೇವಾಲಯದ ಕಂಬಗಳೂ ಬೆಟ್ಟದ ಒಡಲಿನಿಂದಲೇ ಬಂದವು. ಭೇದವಿರುವುದು ತೆಗೆಯುವ ಬಗೆಯಲ್ಲಿ. ದ್ಯೂತಸಭೆಯ ಅದೇ ಮಾತುಗಳಲ್ಲಿ ವಿದುರನು ಅರಸನಿಗೆ, ತೋಟದ ಹೂಗಾರನು ಗಿಡವನ್ನು ಪೋಷಿಸುತ್ತ ಮತ್ತೆ ಮತ್ತೆ ಹೂ ಬಿಡಿಸಿಕೊಳ್ಳುವಂತೆ ಪಾಂಡವರಿಂದ ಫಲವನ್ನು ಪಡೆ, ಇದ್ದಿಲು ಸುಡುವವನು ಮರವನ್ನು ಬೇರುಸಹಿತ ಸುಡುವಂತೆ ಅವರನ್ನು ಸುಡಬೇಡ ಎನ್ನುತ್ತಾನೆ. ಅದಕ್ಕೆ ಮುನ್ನ ಒಬ್ಬ ಅರಸನ ಕಥೆಯನ್ನೂ ಹೇಳುತ್ತಾನೆ: ಚಿನ್ನವನ್ನು ಉಗುಳುವ ಕಾಡುಹಕ್ಕಿಗಳು ಆ ಅರಸನ ಮನೆಯಲ್ಲಿ ನೆಲೆಸಿದ್ದವು, ಒಮ್ಮೆಗೇ ಎಲ್ಲ ಚಿನ್ನವೂ ಬೇಕೆಂಬ ಲೋಭದಿಂದ ಅವನು ಅವುಗಳನ್ನು ಕೊಂದು, ಇಂದಿನದನ್ನೂ ಮುಂದಿನದನ್ನೂ ಒಟ್ಟಿಗೇ ಕಳೆದುಕೊಂಡನು. ಬೆಟ್ಟವು ನೀರನ್ನು ಹಿಡಿದಿಟ್ಟು ನದಿಗೆ ಕೊಡುತ್ತದೆ. ಪಿಕಳಾರವು ಹಣ್ಣನ್ನು ತಿಂದು ಬೀಜವನ್ನು ಬಂಡೆಯ ಬಿರುಕಿಗೆ ಕೊಡುತ್ತದೆ. ಗೋಡೆ ಬಂಡೆಗಳ ಸಂದಿಯಲ್ಲಿ ಅಶ್ವತ್ಥದ ಸಸಿ ತಾನಾಗಿ ಏಳುವುದು ಹಣ್ಣು ತಿನ್ನುವ ಹಕ್ಕಿಗಳ ಹಿಕ್ಕೆಯಿಂದಲೇ. ಈ ಕೊಡುಗೆಗಳ ಮೂಲವನ್ನೇ ಒಡೆದು ಜಲ್ಲಿ ಮಾಡಿದಾಗ ಕಥೆಯ ಅರಸನ ಲೋಭ ಮರುಕಳಿಸಿದಂತಾಗುತ್ತದೆ.

ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ತನ್ನ ಊಟಕ್ಕೆ ಮೊದಲು ಹಕ್ಕಿ, ನಾಯಿ, ಇರುವೆಗಳಿಗೆ ಅನ್ನದ ಪಾಲನ್ನು ಇಡುವುದು ಅದರ ಕ್ರಮ. ಮನೆಯ ಅಂಗಳಕ್ಕೆ ಬರುವ ಹಕ್ಕಿಗೆ ಹಿಡಿ ಅನ್ನದಿಂದ ಈ ಯಜ್ಞ ಸಲ್ಲುತ್ತದೆ. ಅಂಗಳಕ್ಕೆ ಬಾರದ ಬೆಟ್ಟದ ಹಕ್ಕಿಗೆ ಅದು ಅನ್ನದಿಂದ ಸಲ್ಲದು; ಸ್ಫೋಟಿಸದೆ ಬಿಟ್ಟ ಗುಡ್ಡ, ಬೆಂಕಿ ಹಚ್ಚದೆ ಬಿಟ್ಟ ಇಳಿಜಾರು, ಕಡಿಯದೆ ಬಿಟ್ಟ ಕುರುಚಲು, ಇವೇ ಅದಕ್ಕೆ ಸಲ್ಲುವ ಬಲಿ. ಎರಡೂ ಹಕ್ಕಿಗಳಿಗೆ ಒಂದೇ ಗೌರವ, ಆದರೆ ಅವುಗಳ ಅಗತ್ಯಕ್ಕೆ ತಕ್ಕಂತೆ ಬೇರೆಬೇರೆ ತ್ಯಾಗ ಎಂಬುದೇ ಸಮದೃಷ್ಟಿಯು ಆಚರಣೆಗೆ ಇಳಿಯುವ ರೀತಿ.

ವಿದುರಾಶ್ವತ್ಥಕ್ಕೆ ಹರಕೆ ಹೊತ್ತು ಬರುವವರು ಬೇಡುವುದು ಸಂತಾನವನ್ನು, ತಮ್ಮ ವಂಶ ನಿಲ್ಲದೆ ಮುಂದುವರಿಯಲಿ ಎಂಬುದನ್ನು. ಆ ಬೇಡಿಕೆಯ ಆಳವನ್ನು ಬಲ್ಲವರಿಗೆ ಇನ್ನೊಂದು ಜೀವಿಯ ವಂಶ ನಿಲ್ಲುವುದರ ಅರ್ಥವನ್ನು ಬೇರೆಯಾಗಿ ತಿಳಿಸಬೇಕಾಗಿಲ್ಲ. ಕೆಂಪು ಕಿಬ್ಬೊಟ್ಟೆಯ ಪಿಕಳಾರವು ಮನುಷ್ಯನ ನೆರವಿಲ್ಲದೆಯೂ ಬಾಳಬಲ್ಲದು. ಅದಕ್ಕೆ ಹಿಂಸೆ ಮಾಡದಿದ್ದರೆ ಸಾಕು. ಹಳದಿ ಕೊರಳಿನ ಪಿಕಳಾರಕ್ಕೆ ಅಷ್ಟು ಸಾಲದು. ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಮಾತ್ರ ಉಳಿದಿರುವ ಅದರ ಋಣವನ್ನು ಬೇರೆ ದೇಶದವರು, ಬೇರೆ ನೆಲದವರು ತೀರಿಸಲಾರರು. ಅದನ್ನು ತೀರಿಸಬೇಕಾದವರು ಈ ಬೆಟ್ಟಗಳ ನೀರನ್ನು ಕುಡಿಯುವವರು, ಈ ಬೆಟ್ಟಗಳ ಕಲ್ಲಿನಲ್ಲಿ ದೇವರನ್ನು ಕಡೆಯುವವರು, ತಿಳಿದೂ ತಿಳಿಯದವರಂತೆ ಇರುವ ಹಕ್ಕನ್ನು ಇನ್ನು ಮುಂದೆ ಉಳಿಸಿಕೊಳ್ಳದ ಇಲ್ಲಿನ ಜನರೇ.